ಎ.ಸಿ. ಹಾಕಿದರೆ ಕಿರುಚುವ ದೋನ್ಯಾ

ಪೊರಿಂಗಳ ಒಂದು ವರ್ಷದ ಕೂಲಿ ಇವತ್ತಿಗೂ ಬಾಕಿ ಇದೆ. ಕೂಲಿ ಎಂದರೆ ದುಡ್ಡಲ್ಲ, ಒಂದು ಹೆಣ್ಣು ಹಂದಿಮರಿ. ಭಾನುವಾರ ಚರ್ಚಿಗೆ, ಬುಧವಾರ ಸಂತೆಗೆ, ನಡುನಡುವೆ ಮಂಡಿನೋವಿನ ಡಾಕ್ಟರ ಹತ್ತಿರಕ್ಕೆ ತನ್ನನ್ನು ಕಾರಿನಲ್ಲಿ ಕರೆದೊಯ್ದು ಕರೆತರುವುದಕ್ಕೆ ದೋನ್ಯಾ ಎಲ್ಪಿದಿಯಾ ಒಪ್ಪಿಕೊಂಡಿದ್ದ ಕೂಲಿ ಅದು. ವರ್ಷ ತುಂಬಿದ ಮೇಲೆ, ಮನೆಯ ದೊಡ್ಡ ಬಿಳಿ ಹಂದಿ ಮರಿ ಹಾಕಿದಾಗ, ಹೆಣ್ಣುಮರಿಗಳಲ್ಲಿ ದುಂಡಗಿರುವುದೊಂದು ಪೊರಿಂಗಳಿಗೆ. ಮಾತು ನಡೆದದ್ದು ಚರ್ಚಿನ ಮೆಟ್ಟಿಲ ಮೇಲೆ, ಪೂಜೆ ಮುಗಿಸಿ ಬಂದ ಬಾಯಲ್ಲಿ. ವರ್ಷ ತುಂಬಿತು. ಹಂದಿ ಮರಿ ಹಾಕಿತು. ಅದೇ ವಾರ ದೋನ್ಯಾ ಸತ್ತಳು.

ನೆಗ್ರೋಸ್ ದ್ವೀಪದ ಆ ಕಬ್ಬಿನ ಊರಿನಲ್ಲಿ ದೋನ್ಯಾ, ಅಂದರೆ ದೊಡ್ಡ ಮನೆಯ ಒಡತಿ, ಎನ್ನಿಸಿಕೊಳ್ಳಬೇಕಾದರೆ ಹಿಂದೆಲ್ಲ ಕಣ್ಣು ಹಾಯುವಷ್ಟು ಗದ್ದೆ ಇರಬೇಕಾಗಿತ್ತು. ಎಲ್ಪಿದಿಯಾಳ ಕಾಲಕ್ಕೆ ಉಳಿದಿದ್ದದ್ದು ಸೋರುವ ಒಂದು ದೊಡ್ಡ ಮನೆ, ಒಂದು ಹಂದಿಗೂಡು, ಮತ್ತು ಅವಳ ಕೂಗು. ಆ ಕೂಗನ್ನು ಊರಿನಲ್ಲಿ ಕೇಳದವರಿಲ್ಲ. ಯಾರಾದರೂ ಹಗಲು ಹೊತ್ತು ದೀಪ ಹಾಕಿದರೆ, ಫ್ಯಾನಿನ ಗುಂಡಿ ಒತ್ತಿದರೆ, ಅನ್ನದ ಪಾತ್ರೆಗೆ ಎರಡನೇ ಸಲ ಸೌಟು ಇಳಿಸಿದರೆ, ಮೂರು ಮನೆ ಆಚೆಗೆ ಮುಟ್ಟುವಂತೆ ಹೊರಡುತ್ತಿತ್ತು: "ಈಈಈಈಯ್!" ಪೊರಿಂಗಳ ಕಾರಿನಲ್ಲಿ ಕೂತಾಗಲೂ ಅಷ್ಟೇ. ಬೇಸಿಗೆಯ ನಡುಹಗಲು ಎ.ಸಿ. ಗುಂಡಿಯ ಕಡೆಗೆ ಪೊರಿಂಗಳ ಬೆರಳು ಹೋದರೆ ಸಾಕು, ಹಿಂದಿನ ಸೀಟಿನಿಂದ ಆ ಕೂಗು ಬಂದು ಬೆರಳು ತಾನಾಗಿಯೇ ಮಡಚಿಕೊಳ್ಳುತ್ತಿತ್ತು. "ಪೆಟ್ರೋಲು ಕುಡಿಯುತ್ತೆ ಕಣೇ ಅದು! ಆಮೇಲೆ ಇನ್ನೊಂದು ಮರಿ ಕೇಳ್ತೀಯ!" ಹೀಗಾಗಿ ವರ್ಷವಿಡೀ ಇಬ್ಬರೂ ಕಿಟಕಿ ಇಳಿಸಿಕೊಂಡು, ಸುಟ್ಟ ಕಬ್ಬಿನ ಗದ್ದೆಯ ಮಸಿ ಮುಖಕ್ಕೆ ಮೆತ್ತಿಸಿಕೊಂಡು ಓಡಾಡಿದರು.

ಪೊರಿಂಗ್ ಅಂದರೆ ಚರ್ಚಿನ ಪುಸ್ತಕದಲ್ಲಿ ಸಿನ್ಫೊರೊಸಾ. ಸಕ್ಕರೆ ಕಾರ್ಖಾನೆಯಲ್ಲಿ ಮೂಟೆ ಹೊಲಿಯುತ್ತಿದ್ದವಳು. ಒಂದು ಮಳೆಗಾಲ ಪೂರ್ತಿ ಕಾರ್ಖಾನೆಯ ಗೇಟಿನ ಮುಂದೆ ಮುಷ್ಕರಕ್ಕೆ ಕೂತು, ಮೈಕಿಲ್ಲದೆಯೇ ಮೈಕಿನಷ್ಟು ಗಂಟಲು ಮಾಡಿ, ಕೊನೆಗೆ ಕೆಲಸ ಕಳೆದುಕೊಂಡು, ಕೈಗೆ ಬಂದಷ್ಟರಲ್ಲಿ ಡಬ್ಬಿಯಂಥ ಒಂದು ಹಳೆಯ ಜಪಾನಿ ಕಾರು ಕೊಂಡು ಬಾಡಿಗೆಗೆ ಓಡಿಸುತ್ತಿರುವವಳು. ಆಳು ಎಷ್ಟು ಗಿಡ್ಡ ಎಂದರೆ ಎರಡು ದಿಂಬು ಹಾಕಿಕೊಂಡು ಕೂತರೆ ಮಾತ್ರ ರಸ್ತೆ ಕಾಣುತ್ತದೆ. ಎದುರಿನಿಂದ ಬರುವವರಿಗೆ ಕಾರು ತನ್ನಷ್ಟಕ್ಕೆ ಬರುತ್ತಿದೆಯೇನೋ ಎನ್ನಿಸುತ್ತದೆ. ಪೊಲೀಸರಿಗೆ ಹೆದರಿದವಳಲ್ಲ, ಮಾಲೀಕರಿಗೂ ಇಲ್ಲ, ತಮ್ಮದೇ ಸಂಘದ ಪದಾಧಿಕಾರಿಗಳಿಗಂತೂ ಮೊದಲೇ ಇಲ್ಲ. ದೆವ್ವಕ್ಕೆ ಮಾತ್ರ ಹೆದರುತ್ತಿದ್ದಳು. ಕೇಳಿದರೆ ಹೇಳುವಳು: "ಲಾಠಿ ಎಷ್ಟು ಉದ್ದ ಅಂತ ಕಣ್ಣಿಗೆ ಕಾಣುತ್ತೆ. ಸತ್ತೋರ ಕೈ ಎಷ್ಟು ಉದ್ದ ಅಂತ ಯಾರಿಗೆ ಗೊತ್ತು?"

ಮಣ್ಣು ಮಾಡಿದ ದಿನ ದೋನ್ಯಾಳ ಮಗಳು ಅವೆಲಿನಾಳನ್ನೂ ದೋನ್ಯಾಳ ಅಕ್ಕ ಉರ್ಸುಲಾಳನ್ನೂ ಸಮಾಧಿಯಿಂದ ಮನೆಗೆ ಕರೆತರುವುದು ಪೊರಿಂಗಳ ಪಾಲಿಗೆ ಬಿತ್ತು. ಸಾವಿನ ಜಾಗದಿಂದ ನೇರ ಮನೆಗೆ ಹೋಗಬಾರದು. ನಡುವೆ ಎಲ್ಲಾದರೂ ಇಳಿದು, ಕೂತು, ಏನಾದರೂ ತಿಂದು ಏಳಬೇಕು. ಹಿಂದೆಯೇ ಬಂದಿರುವ ಸತ್ತವರು ಆ ಜಾಗದಲ್ಲಿ ಉಳಿದುಹೋಗುತ್ತಾರೆ. ಊರಿನವರೆಲ್ಲ ಇಳಿಯುವುದು ಮೂಲೆಯ ಬೇಕರಿಯಲ್ಲಿ. ಆ ಬೇಕರಿಯಲ್ಲಿ ಸೇರಿಕೊಂಡಿರುವ ಸತ್ತವರ ಸಂಖ್ಯೆ ಬದುಕಿರುವ ಗಿರಾಕಿಗಳಿಗಿಂತ ಜಾಸ್ತಿ ಇರಬೇಕು. ಪೊರಿಂಗ್ ಬೇಕರಿಯ ಮುಂದೆ ಗಾಡಿ ನಿಧಾನ ಮಾಡಿದಳು.

"ಯಾಕೆ ನಿಲ್ಲಿಸ್ತಿದೀಯ?" ಅವೆಲಿನಾ ಕೇಳಿದಳು.

"ಇಳೀಬೇಕಲ್ಲ ಅವೆಲಿನಮ್ಮಾ. ಕಾಫಿ ಕುಡಿದು ಹೋಗಣ."

ಇಳಿದರೆ ಪೊರಿಂಗಳಿಗೂ ಕಾಫಿ, ಬನ್ನು ಕೊಡಿಸಬೇಕಾಗುತ್ತದೆ ಎಂದು ಅವೆಲಿನಾಳಿಗೆ ಹೊಳೆಯಿತು. ಅಮ್ಮನ ಮಗಳು. "ಮಳೆ ಬರ್ತಿದೆ. ನಡಿ ಸುಮ್ನೆ."

ಉರ್ಸುಲಾ ಊರಿನ ಸಾವಿನ ಪ್ರಾರ್ಥನೆಗಳನ್ನೆಲ್ಲ ಮುಂದೆ ನಿಂತು ಹೇಳಿಸುವ ಮುದುಕಿ, ಶಾಸ್ತ್ರ ಬಲ್ಲವಳು. ಅವಳಾದರೂ ಇಳಿಯೋಣ ಎನ್ನಬೇಕಿತ್ತು. "ನಡಿಯೇ ಪೊರಿಂಗ್, ನಂಗೆ ಒಂದಕ್ಕೆ ಅವಸರ ಆಗಿದೆ" ಎಂದಳು. "ಸತ್ತೋರು ಕಾಯ್ತಾರೆ. ಇದು ಕಾಯಲ್ಲ."

ಮಾರನೆಯ ಬೆಳಗ್ಗೆ ನೆಲವೆಲ್ಲ ಒದ್ದೆ, ಗಾಳಿಯಲ್ಲಿ ಹಸಿ. ಪೊರಿಂಗ್ ಎಂದಿನಂತೆ ಶಾಲೆಯ ಇಬ್ಬರು ಮೇಡಂಗಳನ್ನೂ ಬುಟ್ಟಿ ಹೊತ್ತ ಮೀನಿನವಳನ್ನೂ ಹತ್ತಿಸಿಕೊಂಡಳು. ಬುಟ್ಟಿಯ ನಾತ ಏರಿತು. "ಗಾಜು ಏರಿಸಿ ಎ.ಸಿ. ಹಾಕಿ ಅಕ್ಕಾ" ಎಂದು ಒಬ್ಬ ಮೇಡಂ ಮೂಗಿಗೆ ಕರ್ಚೀಫು ಒತ್ತಿಕೊಂಡು ಕೇಳಿದಳು. ದೋನ್ಯಾ ಮಣ್ಣಿನಲ್ಲಿದ್ದಾಳೆ, ಇನ್ನೇನು ಅಡ್ಡಿ ಎಂದುಕೊಂಡು ಪೊರಿಂಗ್ ಗುಂಡಿ ಒತ್ತಿದಳು.

"ಈಈಈಈಯ್!"

ಪೊರಿಂಗ್ ಗುಂಡಿ ಬಿಟ್ಟಳು. ಕೂಗು ನಿಂತಿತು. ಇನ್ನೊಮ್ಮೆ ಒತ್ತಿದಳು. "ಈಈಈಈಯ್!" ಅದೇ ಏರು, ಅದೇ ಇಳಿತ, ಕೊನೆಯಲ್ಲಿ ಅದೇ ಸಣ್ಣ ತಿರುವು. ಮೀನಿನವಳು ಓಡುವ ಗಾಡಿಯಿಂದಲೇ ಹಾರಿದಳು. ಮೇಡಂಗಳು ಗಾಡಿ ನಿಲ್ಲುವ ತನಕ ಕಾದದ್ದು ಓದಿದವರೆಂಬ ಒಂದೇ ಕಾರಣಕ್ಕೆ. ಬುಟ್ಟಿ ಸೀಟಿನಲ್ಲೇ ಉಳಿಯಿತು. ಮಧ್ಯಾಹ್ನದ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು: ದೋನ್ಯಾ ಎಲ್ಪಿದಿಯಾ ಪೊರಿಂಗಳ ಕಾರಿನಿಂದ ಇಳಿದಿಲ್ಲ.

ಯಾಕೆ ಇಳಿದಿಲ್ಲ ಎನ್ನುವುದಕ್ಕೂ ಸಂಜೆಯೊಳಗೆ ಕಾರಣ ಸಿಕ್ಕಿತು. ದೋನ್ಯಾಳಿಗೆ ಮಂಡಿನೋವು. ಯಾರಾದರೂ ಹಿಂದಿನ ಬಾಗಿಲು ತೆಗೆದು, ಕೈ ಕೊಟ್ಟು ಇಳಿಸಬೇಕು. ಆವತ್ತು ಮನೆಯ ಮುಂದೆ ಯಾರೂ ಇಳಿಸಲಿಲ್ಲ. ಪಾಪ, ಕೂತೇ ಇದ್ದಾಳೆ.

ಆಮೇಲೆ ಪೊರಿಂಗಳ ಗಾಡಿಗೆ ನೊಣವೂ ಹತ್ತಲಿಲ್ಲ, ಮೀನಿನ ನಾತ ಇದ್ದರೂ. ಅವಳು ನೇರ ದೊಡ್ಡ ಮನೆಗೆ ಹೋಗಿ ಗೇಟು ಬಡಿದಳು. "ಅವೆಲಿನಮ್ಮಾ, ನನ್ನ ಹಂದಿಮರಿ ಕೊಟ್ಬಿಡಿ. ದುಡಿಮೆ ನಿಂತಿದೆ. ಸಾಕಿಕೊಂಡಾದ್ರೂ ಬದುಕ್ತೀನಿ."

ಅವೆಲಿನಾ ಗೇಟಿನ ಸಂದಿಯಿಂದ ಮೂಗು ಮಾತ್ರ ತೋರಿಸಿದಳು. "ಯಾವ ಮರಿ? ಅಮ್ಮ ನಂಗೇನೂ ಹೇಳಿಲ್ಲ."

"ಚರ್ಚಿನ ಮೆಟ್ಲ ಮೇಲೆ ಹೇಳಿದ್ದು!"

"ಹಾಗಾದ್ರೆ ಅವಳನ್ನೇ ಕೇಳು. ಹೆಂಗೂ ನಿನ್ ಗಾಡೀಲೇ ಇದಾಳಲ್ಲ." ನಾಲ್ಕು ಹೆಜ್ಜೆ ಹಿಂದೆ ಹೋದವಳು ತಿರುಗಿ ಬಂದಳು. "ಮೊದ್ಲು ನಮ್ಮಮ್ಮನ್ನ ಗಾಡಿಯಿಂದ ಇಳ್ಸು. ಆಮೇಲೆ ಹಂದಿ ಮಾತು."

ಅಲ್ಲಿಗೆ ಲೆಕ್ಕ ಸರಳವಾಯಿತು. ದೋನ್ಯಾ ಇಳಿಯಬೇಕು, ಆಗ ಮರಿ ಬರುತ್ತದೆ.

ಪೊರಿಂಗ್ ಮೊದಲು ಹೋದದ್ದು ಚಿಕ್ಕಪ್ಪನ ಮಗ ಎಸ್ತೊಂಗನ ಗ್ಯಾರೇಜಿಗೆ. ಎ.ಸಿ.ಯ ಬೆಲ್ಟನ್ನು ಕಳೆದ ತಿಂಗಳಷ್ಟೇ ಹಾಕಿಕೊಟ್ಟವನು ಅವನೇ. ಹೊಸ ಬೆಲ್ಟು ಎಂದು ಆಣೆ ಮಾಡಿದ್ದ. ಹೊಸದಾದರೆ ಅದರ ಕವರ್ ಎಲ್ಲಿ ಎಂದು ಪೊರಿಂಗ್ ಆಗಲೇ ಕೇಳಿದ್ದಳು. "ಸುತ್ತಿಕೊಂಡು ಬರೋದು ಮೀನು ಅಕ್ಕಾ, ಬೆಲ್ಟಲ್ಲ" ಎಂದಿದ್ದ. ಈಗ ಬಾನೆಟ್ ಎತ್ತಿ, ತಲೆ ಒಳಗೆ ತೂರಿಸಿ, ಹೊರಗೆ ತೆಗೆದು, ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ.

"ಬೆಲ್ಟು ಏನಾದ್ರೂ ಕೆಟ್ಟಿದೆಯೇನೋ?" ಪೊರಿಂಗ್ ಕೇಳಿದಳು.

"ನಾನ್ ಹಾಕಿದ ಬೆಲ್ಟು ಕಿರುಚುತ್ತಾ ಅಕ್ಕಾ? ನೋಡು, ಹೆಂಗೆ ಕನ್ನಡಿ ಥರ ಹೊಳೀತಿದೆ!"

ಹೊಳೆಯುತ್ತಿದ್ದದ್ದೇನೋ ನಿಜ. ಪುಲ್ಲಿಯ ಮೇಲೆ ಜಾರಿ ಜಾರಿ ಸವೆದ ಬೆಲ್ಟು ಹೊಳೆಯದೆ ಇನ್ನೇನು ಮಾಡೀತು? ಪೊರಿಂಗ್ ಹೆಬ್ಬೆಟ್ಟಿನಿಂದ ಬೆಲ್ಟನ್ನು ಒತ್ತಿದಳು. ಅದು ಕೆಳಕ್ಕೆ ಜೋತಿತು.

"ಬಟ್ಟೆ ಒಣಗಿಸೋ ಹಗ್ಗ ಇದ್ದಂಗಿದೆಯಲ್ಲೋ ಇದು!"

"ಮತ್ತೆ? ಮುದುಕಿ ಕೂತಿಲ್ವಾ? ಭಾರ."

ಪೊರಿಂಗ್ ನಂಬಿದಳು. ಇಲ್ಲಿ ಅವಳನ್ನು ಜಾಣೆ ಮಾಡಿ ತೋರಿಸುವ ಆಸೆ ಯಾರಿಗೂ ಬೇಡ. ಸಂಘದ ಸಭೆಯಲ್ಲಿ ಪದಾಧಿಕಾರಿಗಳ ಮಾತಿನ ಪ್ರತಿ ಎಳೆಯನ್ನೂ ಹಿಂಜಿ ನೋಡುತ್ತಿದ್ದ ಹೆಂಗಸು, ಎಸ್ತೊಂಗನಂಥ ಎಸ್ತೊಂಗನ ಮಾತನ್ನು ಹಾಗೇ ನುಂಗಿದಳು. ಹೆದರಿಕೆ ಹಾಗೆ ಮಾಡುತ್ತದೆ. ಎಸ್ತೊಂಗ್ ಏನೋ ಮಾಡಿದ ಹಾಗಿರಲಿ ಎಂದು ಬಟ್ಟೆ ಒಗೆಯುವ ಸೋಪಿನ ತುಂಡನ್ನು ಬೆಲ್ಟಿಗೆ ಉಜ್ಜಿದ. ಕೂಗು ನಿಂತಿತು. ಪೊರಿಂಗ್ ಕುಣಿಯುವುದೊಂದು ಬಾಕಿ. ಬೀದಿಯ ತುದಿಗೆ ಮುಟ್ಟುವಷ್ಟರಲ್ಲಿ ದೋನ್ಯಾ ಮತ್ತೆ ಕಿರುಚಿದಳು, ಈ ಸಲ ಮಿಂದು ಬಂದವಳಂತೆ ಸೋಪಿನ ವಾಸನೆಯೊಂದಿಗೆ.

ಆಮೇಲೆ ಎಸ್ತೊಂಗನನ್ನೂ ಕೂರಿಸಿಕೊಂಡು ಹೋಗಿ ಪೊರಿಂಗ್ ಗಾಡಿಯನ್ನು ದೊಡ್ಡ ಮನೆಯ ಗೇಟಿನ ಮುಂದೆ ನಿಲ್ಲಿಸಿದಳು. ಒಳಗಿನಿಂದ ಉರ್ಸುಲಾ ಬಂದಳು. ಬಗಲಲ್ಲಿ ಪ್ರಾರ್ಥನೆ ಪುಸ್ತಕ, ಕೈಯಲ್ಲಿ ಚರ್ಚಿನಿಂದ ತಂದ ಪವಿತ್ರ ನೀರಿನ ಬಾಟಲಿ. ಸೀಟಿಗೆ ಚಿಮುಕಿಸಿದಳು, ಸ್ಟೇರಿಂಗಿಗೆ ಚಿಮುಕಿಸಿದಳು, ಮೀನಿನ ಬುಟ್ಟಿ ಇದ್ದ ಜಾಗಕ್ಕೆ ಎರಡು ಸಲ ಚಿಮುಕಿಸಿದಳು. ದೋನ್ಯಾ ಜಪ್ಪಯ್ಯ ಅನ್ನಲಿಲ್ಲ. "ಕೂಗು ಎಲ್ಲಿಂದ ಬರ್ತದೋ ಅಲ್ಲಿಗೆ ಹಾಕಿ" ಎಂದ ಎಸ್ತೊಂಗ್. ಎಂಜಿನ್ ಓಡುತ್ತಿರುವಾಗಲೇ, ಎ.ಸಿ. ಹಾಕಿಸಿ, ಉರ್ಸುಲಾ ಬಾಟಲಿಯಲ್ಲಿ ಉಳಿದದ್ದನ್ನು ಬೆಲ್ಟಿನ ಮೇಲೆ ಸುರಿದಳು.

ಸಡಿಲ ಬೆಲ್ಟಿಗೆ ನೀರು ಬಿದ್ದರೆ ಏನಾಗುತ್ತದೆ ಎಂದು ಹಳೇ ಗಾಡಿ ಇಟ್ಟವರನ್ನು ಕೇಳಿ. ಕೂಗು ಎರಡರಷ್ಟಾಯಿತು. ಬೀದಿಯ ನಾಯಿಗಳು ದನಿಗೂಡಿಸಿದವು. ಎದುರುಮನೆಯ ಕೂಸು ತೊಟ್ಟಿಲಲ್ಲಿ ಚೀರಿ ಎದ್ದಿತು.

"ಪವಿತ್ರ ನೀರು ಸುಡ್ತಿದೆ ಅವಳಿಗೆ!" ಎಂದು ಎಸ್ತೊಂಗ್ ಎರಡು ಮಾರು ಹಾರಿದ. "ಪಿಶಾಚಿ ಆಗ್ಬಿಟ್ಟಿದಾಳೆ!"

ಉರ್ಸುಲಾ ಖಾಲಿ ಬಾಟಲಿಯಿಂದಲೇ ಅವನ ನೆತ್ತಿಗೆ ಕುಟ್ಟಿದಳು. "ನನ್ ತಂಗಿ ಪಿಶಾಚಿ ಅಲ್ಲ ಕಣೋ, ಜಿಪುಣಿ. ಅಷ್ಟೆ!" ಹೇಳಿದ್ದೇ ತಡ, ಮುದುಕಿಗೆ ಏನೋ ಹೊಳೆಯಿತು. ಗಾಡಿಯ ಮೂತಿಯ ಮೇಲೆ ಕೂತು ಯೋಚಿಸಿದಳು. "ತಪ್ಪು ನಮ್ದೇ. ಆವತ್ತು ನಡುವೆ ಇಳೀಲಿಲ್ಲ. ಈಗ ಇಳಿಯಣ. ಆದ್ರೆ ಬೇಕರಿ ಬೇಡ. ಅಲ್ಲಿ ಬನ್ನು ಅಗ್ಗ, ಅವಳಿಗೆ ಖುಷಿಯಾಗಿ ನಮ್ ಹಿಂದೆನೇ ವಾಪಸ್ ಬರ್ತಾಳೆ. ದೊಡ್ಡ ಬಿಲ್ಲು ಬರೋ ಜಾಗಕ್ಕೆ ಹೋಗ್ಬೇಕು. ಬಿಲ್ಲು ಟೇಬಲ್ಲಿಗೆ ಬಂದಮೇಲೆ ನನ್ ತಂಗಿ ಜನ್ಮದಲ್ಲಿ ಅಲ್ಲಿ ಕೂತೋಳಲ್ಲ. ಓಡಿಹೋಗ್ತಾಳೆ."

"ಬಿಲ್ಲು ಯಾರು ಕೊಡ್ತಾರೆ ದೊಡ್ಡಮ್ಮಾ?" ಗೇಟಿನ ಸಂದಿಯಿಂದ ಅವೆಲಿನಾ ಕೇಳಿದಳು.

"ಮಗಳು ಯಾರು?"

"ಪೊರಿಂಗ್ ಕೊಡ್ಲಿ. ಗಾಡಿ ಅವಳ್ದು."

"ಸರಿ ಬಿಡು. ಇಳೀದೇ ಇದ್ರೆ ಒಂದಿನ ಮನೆಗೇ ಬರ್ತಾಳೆ. ನಿನ್ ರೂಮಲ್ಲಿ ಹಗಲೂ ರಾತ್ರಿ ಫ್ಯಾನ್ ತಿರುಗೋದು ನೋಡ್ತಾಳೆ."

ಅವೆಲಿನಾ ಪರ್ಸು ತರಲು ಒಳಗೆ ಹೋದಳು.

ಬಾಕೊಲೊಡ್ ನಗರದ ಕಡಲ ಬದಿಯಲ್ಲಿ, ಬಿಳಿ ಬಟ್ಟೆ ಹಾಸಿದ ಟೇಬಲ್ಲುಗಳ ಒಂದು ಹೋಟೆಲ್ಲಿಗೆ ಹೋದರು. ಎಸ್ತೊಂಗ್ "ಗಾಡಿ ಕೈ ಕೊಟ್ರೆ ಯಾರಾದ್ರೂ ಬೇಕಲ್ಲ" ಎಂದು ತಾನೂ ತೂರಿಕೊಂಡಿದ್ದ. ದಾರಿಯುದ್ದಕ್ಕೂ, ದೋನ್ಯಾ ಜೊತೆಗಿದ್ದಾಳೋ ಇಲ್ಲವೋ ನೋಡಲು ಆಗಾಗ ಎ.ಸಿ. ಗುಂಡಿ ಒತ್ತಿದರು. ಇದ್ದಳು. ಹೋಟೆಲ್ ಮುಂದೆ ಪೊರಿಂಗ್ ಹಿಂದಿನ ಬಾಗಿಲು ತೆಗೆದು, ಬಗ್ಗಿ, ಗಾಳಿಗೆ ಕೈ ಕೊಟ್ಟು "ಇಳೀರಿ ದೋನ್ಯಾ, ನಿಧಾನ, ಮೆಟ್ಟಿಲಿದೆ" ಎಂದಳು. ಉರ್ಸುಲಾ ಇನ್ನೊಂದು ಪಕ್ಕದ ಗಾಳಿಯನ್ನು ಹಿಡಿದುಕೊಂಡಳು. ಮಂಡಿನೋವಿನವಳ ನಡಿಗೆಗೆ ಹೊಂದುವಂತೆ ಇಬ್ಬರೂ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಬಾಗಿಲ ತನಕ ಬಂದರು.

"ಎಷ್ಟು ಜನ?" ಮಾಣಿ ಕೇಳಿದ.

"ಐದು. ಒಬ್ರು ಊಟ ಮಾಡಲ್ಲ" ಎಂದಳು ಪೊರಿಂಗ್.

ಪೊರಿಂಗ್ ಊಟ ಮಾಡಿದಳು. ಏಡಿ ತರಿಸಿದಳು, ಬೆಳ್ಳುಳ್ಳಿ ಅನ್ನ ತರಿಸಿದಳು, ಕೆಂಡದ ಕೋಳಿಯಲ್ಲಿ ತೊಡೆಯೇ ಬೇಕು ಎಂದು ಹಟ ಮಾಡಿದಳು. "ಬಿಲ್ಲು ದೊಡ್ಡದಾಗ್ಬೇಕಲ್ಲ ಅವೆಲಿನಮ್ಮಾ, ಶಾಸ್ತ್ರ" ಎನ್ನುತ್ತ ಎರಡನೇ ಏಡಿಯ ಕೊಂಡಿ ಮುರಿದಳು. ಅವೆಲಿನಾ ಬರೀ ನೀರು ಕುಡಿದಳು. ಖಾಲಿ ಕುರ್ಚಿಯ ಮುಂದೆ ಒಂದು ತಟ್ಟೆ, ಸ್ವಲ್ಪ ಅನ್ನ, ವಿನೆಗರ್ ಬಟ್ಟಲು. ಮಾಣಿ ಎರಡು ಸಲ ಆ ಕುರ್ಚಿಯನ್ನು ನೋಡಿ, ಮೂರನೇ ಸಲ ಆ ಕಡೆಯಿಂದ ಬರುವುದನ್ನೇ ಬಿಟ್ಟ.

ಬಿಲ್ಲು ಬಂತು. ಉರ್ಸುಲಾ ಅದನ್ನು ಎರಡು ಬೆರಳಲ್ಲಿ ಎತ್ತಿ ಖಾಲಿ ಕುರ್ಚಿಯ ಮುಂದೆ ಇಟ್ಟಳು. "ಎಲ್ಪಿದಿಯಾ, ಇದು ನಿಂದು" ಎಂದು ಹೇಳಿ, ಉಳಿದವರಿಗೆ ಕಣ್ಣು ಹೊಡೆದು, "ಓಡ್ರೀ!" ಎಂದಳು.

ಸತ್ತವರಿಗಿಂತ ಮೊದಲು ಹೊರಗೆ ಬೀಳಬೇಕು ಎನ್ನುವುದೊಂದೇ ತಲೆಯಲ್ಲಿ. ನಾಲ್ವರೂ ಕುರ್ಚಿ ಉರುಳಿಸಿಕೊಂಡು ಬಾಗಿಲ ಕಡೆಗೆ ಓಡಿದರು. ಬಿಲ್ಲನ್ನು ಸತ್ತವಳು ಕೊಡುವುದಿಲ್ಲ ಎಂಬುದು ಅಷ್ಟೂ ಜನರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮಾಣಿಗೆ ಹೊಳೆಯಿತು. "ಹಿಡೀರಿ, ದುಡ್ಡು ಕೊಡದೆ ಓಡ್ತಿದಾರೆ!" ಕಾವಲುಗಾರ ಸೀಟಿ ಊದಿದ. ಅಡುಗೆಮನೆಯಿಂದ ಸೌಟು ಹಿಡಿದವರು ಬಂದರು. ಎಸ್ತೊಂಗ್ ಸಿಕ್ಕಿಬಿದ್ದ, ಜೇಬಿನಲ್ಲಿ ಕೋಳಿಯ ತೊಡೆಯೊಂದರ ಸಮೇತ.

ಅವೆಲಿನಾ ಪರ್ಸು ಬಿಚ್ಚಲೇಬೇಕಾಯಿತು. ಮಾಣಿ ಬಿಲ್ಲನ್ನು ಅವಳ ಮುಖದ ಮುಂದೆ ಹಿಡಿದ. ಅವಳು ಕೆಳಗಿನ ಮೊತ್ತ ನೋಡಿದಳು.

"ಈಈಈಈಯ್!"

ಅದೇ ಏರು, ಅದೇ ಇಳಿತ, ಕೊನೆಯ ತಿರುವು. ಉರ್ಸುಲಾ ಮಂಡಿಯೂರಿ ಶಿಲುಬೆ ಗುರುತು ಮಾಡಿಕೊಂಡಳು. "ಗಾಡಿಯಿಂದ ಇಳಿದ್ಲು! ಮಗಳ ಮೈಮೇಲೆ ಹತ್ತಿದ್ಲು!"

"ನಂಗ್ಯಾರೂ ಹತ್ತಿಲ್ಲ ದೊಡ್ಡಮ್ಮಾ! ಏಡಿಗೆ ಇಷ್ಟೊಂದಾ?"

ದುಡ್ಡು ತೆತ್ತು ಗಾಡಿಗೆ ಬಂದು ಕೂತರು. ಪರೀಕ್ಷೆಗೆಂದು ಪೊರಿಂಗ್ ಗುಂಡಿ ಒತ್ತಿದಳು. ಕೂಗು ಎದ್ದಿತು, ಏರಿತು, ಏರುತ್ತಾ ಹೋಗಿ "ಠಪ್" ಎಂದು ನಿಂತಿತು. ಸುಟ್ಟ ರಬ್ಬರಿನ ವಾಸನೆ. ಆಮೇಲೆ ಎಂಜಿನ್ನಿನ ಸದ್ದು ಬಿಟ್ಟು ಬೇರೇನೂ ಇಲ್ಲ.

"ಹೋದ್ಲು!" ಉರ್ಸುಲಾ ಚಪ್ಪಾಳೆ ತಟ್ಟಿದಳು. ಅವೆಲಿನಾ ಅತ್ತಳು. ಅಮ್ಮನಿಗೋ ಬಿಲ್ಲಿಗೋ ಗೊತ್ತಿಲ್ಲ. ಎಸ್ತೊಂಗ್ ಮಾತ್ರ ಬಾಗಿಲ ಹಿಡಿಗೆ ಕೈ ಹಾಕಿ, ಇಳಿದು ನಡೆದೇ ಊರಿಗೆ ಹೋಗುವ ಮುಖ ಮಾಡಿಕೊಂಡಿದ್ದ.

ಪೊರಿಂಗ್ ಇಳಿದು ಬಾನೆಟ್ ಎತ್ತಿದಳು. ಬೆಲ್ಟು ಸತ್ತ ಹಾವಿನಂತೆ ನೇತಾಡುತ್ತಿತ್ತು. ಕೈಗೆ ತೆಗೆದುಕೊಂಡರೆ ಅಂಗೈಯೆಲ್ಲ ಕಪ್ಪಾಯಿತು. ಸೆರಗಿಲ್ಲದ ಊರು, ಲಂಗಕ್ಕೇ ಒರೆಸಿದಳು. ಕಪ್ಪು ಹೋದಂತೆ ಒಳಗಿನ ಬಿರುಕುಗಳು ಕಂಡವು, ಒಣಗಿದ ಕೆರೆಯ ತಳದಂತೆ, ಉದ್ದಕ್ಕೂ. ಅದು ಹೊಸ ಬೆಲ್ಟಲ್ಲ. ಯಾವುದೋ ಗುಜರಿ ಗಾಡಿಯಿಂದ ಬಿಚ್ಚಿದ್ದು. ಹೆದರಿಕೆ ಬಿಟ್ಟುಹೋದ ತಲೆ ಸರಕ್ಕನೆ ಕೆಲಸ ಮಾಡಿತು.

"ಎಸ್ತೊಂಗ್, ಬೂಟ್ ಪಾಲಿಷ್ ಹಚ್ಚಿದೀಯೇನೋ ಇದಕ್ಕೆ?"

"ಇಲ್ಲ ಅಕ್ಕಾ. ಟೈರ್ ಪಾಲಿಷ್. ಬೂಟಿಂದು ದುಬಾರಿ."

ಆ ಬೆಲ್ಟು ಎ.ಸಿ. ತಿರುಗಿಸಲು ಲಾಯಕ್ಕಿರಲಿಲ್ಲವೇನೋ ನಿಜ, ಎಸ್ತೊಂಗನ ಬೆನ್ನಿಗೆ ಚೆನ್ನಾಗಿಯೇ ಕೆಲಸಕ್ಕೆ ಬಂತು. ಕಾರು ನಿಲ್ಲಿಸುವ ಜಾಗದಲ್ಲಿ ಅವನನ್ನು ಒಂದು ಸುತ್ತು ಓಡಿಸಿ ಬಂದು, ಪೊರಿಂಗ್ ಏದುಸಿರಿನಲ್ಲಿ ಹೇಳಿದಳು: "ನಿಮ್ಮಮ್ಮ ಎಲ್ಲೂ ಇರಲಿಲ್ಲ ಅವೆಲಿನಮ್ಮಾ. ಮಣ್ಣಲ್ಲೇ ಇದಾರೆ. ಕಿರುಚಿದ್ದು ಇದು."

ಅವೆಲಿನಾ ಕೇಳಿಸಿಕೊಳ್ಳಲಿಲ್ಲ. ಅಷ್ಟು ದೊಡ್ಡ ಬಿಲ್ಲು ಕಟ್ಟಿದವಳಿಗೆ ದೆವ್ವ ಇದ್ದೇ ಇರಬೇಕಾಗುತ್ತದೆ. ಮಾರನೆಯ ದಿನ ಅವಳೇ ಪೊರಿಂಗಳನ್ನು ಕರೆಸಿದಳು. ಗೇಟು ಅಗಲವಾಗಿ ತೆರೆದಿತ್ತು. ಬುಟ್ಟಿಯಲ್ಲಿ ಹಂದಿಮರಿ, ಮಿಂದ ಮೈ, ಕೊರಳಿಗೆ ಬಿಳಿ ರಿಬ್ಬನ್. ಪಕ್ಕದಲ್ಲಿ ಉರ್ಸುಲಾ, ಪ್ರಾರ್ಥನೆ ಪುಸ್ತಕ ತೆರೆದುಕೊಂಡು.

"ತಗೊ ಪೊರಿಂಗಕ್ಕ. ಅಮ್ಮನ ಆತ್ಮಕ್ಕೆ ಒಳ್ಳೇದಾಗ್ಲಿ ಅಂತ ದಾನ ಕೊಡ್ತಿದೀನಿ."

ಪೊರಿಂಗಳ ಕೈ ಆಗಲೇ ಬುಟ್ಟಿಯ ಹಿಡಿಗೆ ಹೋಗಿತ್ತು. ಅಲ್ಲೇ ನಿಂತಿತು. "ದಾನ ಅಲ್ಲ. ಕೂಲಿ."

"ಏನಾದ್ರೊಂದು. ಮರಿ ಅದೇ ತಾನೆ?"

"ಹಾಗಾದ್ರೆ ಕೂಲಿ ಅನ್ನಿ."

"ಕೂಲಿ ಅಂದ್ರೆ ಅಮ್ಮ ಬಾಕಿ ಇಟ್ಟು ಸತ್ತ ಹಾಗಾಯ್ತಲ್ಲ! ಊರೋರು ಏನಂತಾರೆ?"

"ಇಟ್ಟೇ ಸತ್ರಲ್ಲ!"

"ದಾನ ಅಂತ ತಗೊ, ಇಲ್ಲಾಂದ್ರೆ ಬಿಡು" ಎಂದಳು ಅವೆಲಿನಾ. ಉರ್ಸುಲಾ ಪುಸ್ತಕದಿಂದ ಕಣ್ಣೆತ್ತಿ, "ತಗೊಂಡ್ ಹೋಗೇ ಮಾರಾಯ್ತಿ, ಬಿಸಿಲು" ಎಂದಳು.

ಪೊರಿಂಗಳಿಗೆ ಆ ಆಟ ಹೊಸದಲ್ಲ. ಮುಷ್ಕರ ಮುಗಿದ ಮೇಲೆ ಕಾರ್ಖಾನೆಯವರು ಬಾಕಿ ಸಂಬಳ ಕೊಡಲಿಲ್ಲ, ಅಕ್ಕಿ ಮೂಟೆ ಕೊಟ್ಟರು. ಸಹಾಯ ಅಂತ. ಫೋಟೋ ತೆಗೆಸಿದರು. ಹಸಿದವರು ಹೆಬ್ಬೆಟ್ಟು ಒತ್ತಿ ತಗೊಂಡರು. ಆಮೇಲೆ ಸಂಬಳ ಕೇಳಲು ಹೋದರೆ, ಸಹಾಯ ಮಾಡಿದವರ ಮೇಲೇ ತಿರುಗಿ ಬೀಳುತ್ತೀರಾ ಎಂದು ಗೇಟು ಹಾಕಿದರು. ಆ ಅಕ್ಕಿಯನ್ನು ಪೊರಿಂಗ್ ಕೂಡ ತಿಂದಿದ್ದಳು. ಹುಳ ಇತ್ತು.

ಅವಳು ಮರಿಯ ಕಿವಿ ಹಿಂಡಿ, ಬುಟ್ಟಿ ಅಲ್ಲೇ ಬಿಟ್ಟು, ಗಾಡಿ ಹತ್ತಿದಳು.

ಆಮೇಲಿನ ಕಥೆ ಸಣ್ಣದು. ಪೇಟೆಯಿಂದ ಕವರ್ ಸಮೇತ ಹೊಸ ಬೆಲ್ಟು ತಂದು, ಹೆಬ್ಬೆಟ್ಟಿನಿಂದ ಒತ್ತಿ ಬಿಗಿ ನೋಡಿ, ಎಸ್ತೊಂಗನನ್ನು ಗಾಡಿಯ ನೆರಳಿಗೂ ಬಿಡದೆ ತಾನೇ ಹಾಕಿಕೊಂಡಳು. ಮೇಡಂಗಳು ವಾಪಸು ಬಂದರು. ಮೀನಿನವಳು ಬುಟ್ಟಿ ಕೇಳಿಕೊಂಡು ಬಂದಳು. ಅವೆಲಿನಾಳಿಗೆ ಮಾತ್ರ ಆ ಮರಿಯನ್ನು ಮಾರಲೂ ಧೈರ್ಯವಿಲ್ಲ, ಕೊಯ್ಯಲೂ ಧೈರ್ಯವಿಲ್ಲ, ಅಮ್ಮ ಬಂದು ಕೇಳಿದರೆ ಎಂದು. ಅದು ತಿಂದು ತಿಂದು ಗೂಡು ಹಿಡಿಸದಂತಾಗಿ, ಈಗ ಮನೆಯ ಮುಂದಿನ ವರಾಂಡದಲ್ಲಿ ಮಲಗುತ್ತದೆ. ಸೆಕೆ ತಡೆಯುವುದಿಲ್ಲ ಎಂದು ಅದಕ್ಕೊಂದು ಫ್ಯಾನು ಹಾಕಿದ್ದಾರೆ. ಎರಡು ಸಲ ಮರಿ ಹಾಕಿದೆ. ಪೊರಿಂಗಳ ಲೆಕ್ಕದಲ್ಲಿ ಆ ಮರಿಗಳೂ ಬಾಕಿಗೆ ಸೇರುತ್ತವೆ. ಪ್ರತಿ ಬುಧವಾರ ಗೇಟಿನ ಮುಂದೆ ಗಾಡಿ ನಿಲ್ಲಿಸಿ ಕೂಗುತ್ತಾಳೆ: "ಕೂಲಿ!" ಒಳಗಿನಿಂದ ಅವೆಲಿನಾ ಕೂಗುತ್ತಾಳೆ: "ದಾನ!" ಹಂದಿ ಕಿವಿ ಅಲ್ಲಾಡಿಸುತ್ತದೆ.

ನೀವು ನಗುತ್ತಿದ್ದೀರಿ, ನಗಿ. ನಿಮ್ಮ ಮನೆಯ ಪಾತ್ರೆ ತೊಳೆದವಳಿಗೆ, ನಿಮ್ಮನ್ನು ಕೂರಿಸಿಕೊಂಡು ಗಾಡಿ ಓಡಿಸಿದವನಿಗೆ, ಹಬ್ಬದ ದಿನ ಹಳೇ ಸೀರೆಯನ್ನೋ ಮಿಕ್ಕ ಹೋಳಿಗೆಯನ್ನೋ ಕೈಗಿಟ್ಟು ಯಾವ ಬಾಕಿಯನ್ನು ಮುಚ್ಚಿಹಾಕಿದ್ದೀರಿ? ನಿಮಗೆ ಗೊತ್ತಿದೆ. ಎದ್ದು ಹೋಗಿ ಕೊಡಿ. ಕೊಡುವಾಗ ನಾಲ್ಕು ಜನಕ್ಕೆ ಕೇಳುವ ಹಾಗೆ, ಇದು ನಿನ್ನ ಕೂಲಿ ಎಂದು ಹೇಳಿ ಕೊಡಿ.